ಊಬಿನ ಹುಲ್ಲಿನ ನೆಲ

ಮಳೆಗಾಲ ಹಿಂದೆ ಸರಿದು ಬಿಸಿಲು ಹದಕ್ಕೆ ಬರುವ ಹೊತ್ತಿಗೆ ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಶಾಬಾದಿನ ಬಂಡೆಗಳ ನಡುವಿನ ಬಯಲು ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ವಿಮಾನ ಹಿಡಿಯುವ ಅವಸರದಲ್ಲಿರುವವರಿಗೆ ಅದು ಬರೀ ಒಣಹುಲ್ಲು. ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತವರಿಗೆ ಊಬಿನ ಹುಲ್ಲಿನ ಗುರುತು ಹತ್ತುತ್ತದೆ. ಕಡ್ಡಿಗಳ ತುದಿಯಲ್ಲಿ ಉದ್ದುದ್ದದ ಊಬುಗಳು ಒಂದರೊಳಗೊಂದು ಸುತ್ತಿಕೊಂಡು ಜಡೆ ಹೆಣೆದಂತೆ ಕಾಣುತ್ತವೆ. ಈ ಹುಲ್ಲೆಂದರೆ ನನಗೆ ಬಲು ಅಕ್ಕರೆ.

ಸಸ್ಯಶಾಸ್ತ್ರದಲ್ಲಿ ಇದು ಹೆಟೆರೊಪೋಗನ್ ಕಂಟಾರ್ಟಸ್. ಹಲವು ವರ್ಷ ಬಾಳುವ, ಪೊದೆಪೊದೆಯಾಗಿ ಏಳುವ ಹುಲ್ಲು. ಬಂಡೆಯ ಮೇಲಿನ ಗೇಣುದ್ದದ ಮಣ್ಣೂ ಇದಕ್ಕೆ ಸಾಕು. ತೆನೆಯ ಕೆಳಭಾಗದ ಕಿರುಹೂಗಳಿಗೆ ಊಬು ಇಲ್ಲ. ಕಾಳು ಕಟ್ಟುವ ಮೇಲಿನವಕ್ಕೆ ಮಾತ್ರ ಉಂಟು. ಕಾಳಿನ ಬುಡ ಸೂಜಿಯಷ್ಟು ಚೂಪು. ಅದರ ಸುತ್ತ ಹಿಮ್ಮುಖವಾಗಿ ಬಾಗಿದ ಗಡಸು ರೋಮ. ಹಾಗಾಗಿ ಒಳಹೊಕ್ಕದ್ದು ಹೊರಗೆ ಬಾರದು. ಊಬಿನ ಕೆಳಭಾಗ ಹುರಿಗೊಂಡಿರುತ್ತದೆ. ರಾತ್ರಿ ಇಬ್ಬನಿ ಕುಡಿದು ಹುರಿ ಬಿಚ್ಚುತ್ತದೆ, ಹಗಲ ಬಿಸಿಲಿಗೆ ಮತ್ತೆ ಬಿಗಿಯುತ್ತದೆ. ಹೀಗೆ ಸುತ್ತಿ ಬಿಚ್ಚುತ್ತ ಕಾಳನ್ನು ನೆಲದೊಳಕ್ಕೆ ಕೊರೆದು ಇಳಿಸುತ್ತದೆ. ಬೇಸಗೆಯಲ್ಲಿ ಬಯಲಿಗೆ ಬೆಂಕಿ ಬಿದ್ದರೂ ಮಣ್ಣೊಳಗಿನ ಕಾಳು ಉಳಿದು, ಮೊದಲ ಮಳೆಗೆ ಮೊಳೆಯುತ್ತದೆ.

ಕುರಿ ಕಾಯುವವರಿಗೆ ಈ ಹುಲ್ಲಿನ ಎರಡೂ ಮುಖ ಗೊತ್ತು. ತೆಲಂಗಾಣದ ಕುರುಮರು ಮೇಯಿಸುವ ದಖ್ಖನಿ ಕುರಿಗೆ ಎಳೆಯ ಊಬಿನ ಹುಲ್ಲು ಒಳ್ಳೆಯ ಮೇವು. ತೆನೆ ಬಲಿತ ಮೇಲೆ ಅದೇ ಹುಲ್ಲಿನ ಕಾಳು ಉಣ್ಣೆಗೆ ಸಿಕ್ಕಿ, ಚರ್ಮ ತೂರಿ, ಕಣ್ಣಿಗೂ ಚುಚ್ಚುತ್ತದೆ. ಯಾವ ತಿಂಗಳಲ್ಲಿ ಯಾವ ಬಯಲಿಗೆ ಮಂದೆ ಹೊಡೆಯಬೇಕೆಂಬ ತಿಳಿವಳಿಕೆ ಹುಟ್ಟಿದ್ದು ಹುಲ್ಲನ್ನು ಹೀಗೆ ದಿನದಿನವೂ ನೋಡಿದ್ದರಿಂದ.

ಇಂಥ ನೋಟವೇ ಇನ್ನೂರು ವರ್ಷದ ಹಿಂದೆ ಒಂದು ಉಪಕರಣವಾಯಿತು. ಭಾರತದ ನೆಲ ಅಳೆಯಲು ವಿಲಿಯಂ ಲ್ಯಾಂಬ್ಟನ್ ನಡೆಸಿದ ಮಹಾ ಮೋಜಣಿಯಲ್ಲಿ ದುಡಿದ ಹೆನ್ರಿ ಕೇಟರ್ ಎಂಬ ಸೈನ್ಯಾಧಿಕಾರಿ ಮೈಸೂರು ಸೀಮೆಯಲ್ಲಿ ಈ ಹುಲ್ಲನ್ನು ಕಂಡ. ಗಾಳಿಯ ತೇವಕ್ಕೆ ಊಬು ತಿರುಗುವುದನ್ನು ಗಮನಿಸಿ, ಅದಕ್ಕೆ ಮುಳ್ಳು ಜೋಡಿಸಿ ತೇವಮಾಪಕ ಮಾಡಿದ. ಅದರ ವಿವರಣೆ 1807ರ ‘ಏಷಿಯಾಟಿಕ್ ರಿಸರ್ಚಸ್’ ಒಂಬತ್ತನೆಯ ಸಂಪುಟದಲ್ಲಿದೆ. ಹುಲ್ಲಿನ ಕನ್ನಡ ಹೆಸರನ್ನೂ ಆತ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಟ್ಟ. ರಾಬರ್ಟ್ ಹುಕ್ 1665ರಲ್ಲೇ ಕಾಡು ಓಟ್ಸಿನ ಊಬಿನಿಂದ ಇಂಥದೇ ಪ್ರಯೋಗ ಮಾಡಿದ್ದ. ಕೇಟರನಿಗೆ ನಮ್ಮ ಗೋಮಾಳದ ಹುಲ್ಲೇ ಒದಗಿತು.

ಈಗ ಇದೇ ನೆಲವನ್ನು ಆಕಾಶದಿಂದ ನೋಡುತ್ತಾರೆ. ಶಂಶಾಬಾದಿನಿಂದ ಬೆಂಗಳೂರಿನತ್ತ ಹೋಗುವ ಹೆದ್ದಾರಿಯಲ್ಲೇ ಮುಂದೆ ಸಿಗುವ ಶಾದ್‌ನಗರದಲ್ಲಿ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ನೆಲೆಯಿದೆ. ಉಪಗ್ರಹಗಳು ಕಳಿಸುವ ಚಿತ್ರಗಳು ಅಲ್ಲಿಗೆ ಇಳಿಯುತ್ತವೆ. ಇದೇ ಕೇಂದ್ರದ ನೆರವಿನಿಂದ ಸಿದ್ಧವಾಗುವ ದೇಶದ ಬಂಜರು ಭೂಮಿಯ ಅಟ್ಲಾಸಿನಲ್ಲಿ ಕುರುಚಲು ಬಯಲೂ ಸೊರಗಿದ ಹುಲ್ಲುಗಾವಲೂ ‘ಬಂಜರು’ ಪಟ್ಟಿಗೇ ಸೇರುತ್ತವೆ. ಬಂಜರೆಂದು ಬರೆದ ನೆಲ ಮಾರಾಟಕ್ಕೆ ಬೇಗ ಸಿದ್ಧವಾಗುತ್ತದೆ. ಶಂಶಾಬಾದಿನ ಸುತ್ತ ನಿವೇಶನದ ಕಲ್ಲು ನೆಟ್ಟಲ್ಲೆಲ್ಲ ಮೊದಲು ಹೋಗುವುದು ಈ ಹುಲ್ಲು.

ಅದರೊಂದಿಗೆ ಹೋಗುವುದು ಏನೆಂದು ಲೆಕ್ಕ ಹಾಕಬೇಕು. ಊಬಿನ ಹುಲ್ಲಿನ ಬೇರು ತೆಳುಮಣ್ಣನ್ನು ಬಂಡೆಯ ಮೇಲೆ ಹಿಡಿದಿಟ್ಟು, ಬಿದ್ದ ಮಳೆ ಒಮ್ಮೆಗೇ ಕೊಚ್ಚಿಹೋಗದಂತೆ ತಡೆಯುತ್ತದೆ. ಈಸಿ ನದಿಗೆ 1927ರಲ್ಲಿ ಕಟ್ಟಿದ ಹಿಮಾಯತ್ ಸಾಗರ ಇಲ್ಲಿಂದ ದೂರವಿಲ್ಲ. ಆ ಕೆರೆಯ ಜಲಾನಯನವನ್ನು ಕಾಯಲೆಂದೇ ಸರ್ಕಾರ 1996ರಲ್ಲಿ 111ನೇ ಆದೇಶ ಹೊರಡಿಸಿ, ಸುತ್ತಲ ಹತ್ತು ಕಿಲೋಮೀಟರಿನಲ್ಲಿ ಕಟ್ಟಡಗಳಿಗೆ ಕಡಿವಾಣ ಹಾಕಿತ್ತು. ನೀರನ್ನು ಕಾಯಬೇಕೆಂದರೆ ನೀರು ನಡೆದುಬರುವ ಹುಲ್ಲುನೆಲವನ್ನೂ ಕಾಯಬೇಕು. ಬಂಜರೆಂದು ಬರೆಯುವವರು ಮೊದಲು ಒಂದು ಮಳೆಗಾಲ, ಒಂದು ಬೇಸಗೆ ಆ ನೆಲದ ಮೇಲೆ ನಡೆದು ನೋಡಲಿ. ಬಳಿಕ ನಕ್ಷೆಯಲ್ಲಿ ಅದಕ್ಕೆ ಹುಲ್ಲುಗಾವಲು ಎಂಬ ಹೆಸರನ್ನೇ ಕೊಡಲಿ.