ಮೊಮ್ಮಗಳು ತೋರಿಸಿದ ಇಟಲಿ

ಇಟಲಿ ಪ್ರವಾಸ ಎಂದರೆ ನಮ್ಮ ಟೂರಿಸ್ಟ್ ಕಂಪನಿಗಳು ತೋರಿಸುವುದು ರೋಮ್, ಫ್ಲಾರೆನ್ಸ್, ವೆನಿಸ್. ನಡುವೆ ಬಸ್ಸು ನಿಲ್ಲಿಸಿ ಪೀಸಾದ ವಾಲುಗೋಪುರ. ಬೊಲೋನ್ಯ ಎಂಬ ಊರು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಪ್ರವಾಸ ಮಾತ್ರ ಅಲ್ಲಿಂದಲೇ ಶುರುವಾಯಿತು. ಕಾರಣ, ನಮ್ಮ ಮೊಮ್ಮಗಳು ಅಲ್ಲಿದ್ದಳು.

ಬೆಂಗಳೂರಿನಲ್ಲಿ ಅರ್ಥಶಾಸ್ತ್ರ ಓದುತ್ತಿರುವ ಅವಳು ಒಂದು ಸೆಮಿಸ್ಟರ್ ಮಟ್ಟಿಗೆ, ಅಂದರೆ ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ, ಬೊಲೋನ್ಯ ವಿಶ್ವವಿದ್ಯಾನಿಲಯಕ್ಕೆ ಹೋಗಿದ್ದಳು. ಹೊರಡುವಾಗ ಇದ್ದ ಉತ್ಸಾಹ ಮೂರೇ ವಾರದಲ್ಲಿ ಇಳಿಯಿತು. ರಾತ್ರಿ ಫೋನು ಮಾಡಿ, "ಅಜ್ಜಿ, ನಂಗೆ ಇಲ್ಲಿ ಇರೋಕಾಗ್ತಾ ಇಲ್ಲ" ಎಂದು ಅಳತೊಡಗಿದಳು. ಮನೆಯಲ್ಲಿ ಎರಡು ಪಕ್ಷವಾಯಿತು. "ಕಟ್ಟಿದ ದುಡ್ಡು ಹೋದರೆ ಹೋಗಲಿ, ಮಗು ವಾಪಸು ಬರಲಿ" ಎಂದಳು ನನ್ನಾಕೆ. "ಇನ್ನೊಂದು ತಿಂಗಳು ನೋಡೋಣಮ್ಮ" ಎಂದ ಮಗ. ಕೊನೆಗೆ ದೀಪಾವಳಿ ರಜೆಯಲ್ಲಿ ನಾವೇ ಹೋಗುವುದು, ಆಗಲೂ ಅವಳಿಗೆ ಬೇಡವೆನಿಸಿದರೆ ಜೊತೆಯಲ್ಲೇ ಕರೆತರುವುದು ಎಂದು ತೀರ್ಮಾನವಾಯಿತು. ಮಗ, ಸೊಸೆ, ಐದನೇ ತರಗತಿಯ ಮೊಮ್ಮಗ, ಮುದುಕರಾದ ನಾವಿಬ್ಬರು, ಒಟ್ಟು ಐದು ಜನ ಹೊರಟೆವು. ನನ್ನಾಕೆ ತನ್ನ ದೊಡ್ಡ ಸೂಟ್‌ಕೇಸಿನ ಅರ್ಧಕ್ಕೆ ಅವಲಕ್ಕಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ತುಂಬಿ, ಇನ್ನರ್ಧ ಖಾಲಿ ಬಿಟ್ಟಳು. ಆ ಖಾಲಿ ಜಾಗ ಯಾಕೆಂದು ಯಾರೂ ಕೇಳಲಿಲ್ಲ.

ಕೊಡೆ ಬೇಡದ ಊರು

ಬೊಲೋನ್ಯದಲ್ಲಿ ಮೊದಲು ಕಣ್ಣಿಗೆ ಬೀಳುವುದು ಬೀದಿಬದಿಯ ಕಂಬಸಾಲುಗಳು. ಮನೆಗಳ ಮೇಲಂತಸ್ತು ಬೀದಿಯ ಕಡೆ ಚಾಚಿಕೊಂಡಿರುತ್ತದೆ. ಅದನ್ನು ಕಂಬ, ಕಮಾನುಗಳು ಹೊತ್ತಿರುತ್ತವೆ. ಅದರ ಅಡಿಯಲ್ಲಿ ಜನ ಓಡಾಡುತ್ತಾರೆ. ಇದಕ್ಕೆ ಪೋರ್ಟಿಕೊ ಎನ್ನುತ್ತಾರೆ. ನಮ್ಮ ಹಳೆ ಮನೆಗಳ ಜಗುಲಿಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಹೇಗಿದ್ದೀತೋ ಹಾಗೆ. ಊರೆಲ್ಲ ಸೇರಿ ಇವುಗಳ ಉದ್ದ 62 ಕಿಲೋಮೀಟರು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿವೆ. ನಾವಿದ್ದ ದಿನಗಳಲ್ಲಿ ಮಳೆ ಜಿನುಗುತ್ತಲೇ ಇತ್ತು. ಕೊಡೆ ಬಿಚ್ಚುವ ಪ್ರಸಂಗ ಮಾತ್ರ ಹೆಚ್ಚು ಬರಲಿಲ್ಲ. ಜಾಗ ಮನೆಯೊಡೆಯನದು, ನಡೆಯುವ ಹಕ್ಕು ಎಲ್ಲರದು. ಹೊಸ ಮನೆ ಕಟ್ಟುವವರು ಪೋರ್ಟಿಕೊ ಬಿಡಲೇಬೇಕೆಂದು 1288ರಲ್ಲೇ ಊರಿನವರು ಕಟ್ಟಳೆ ಮಾಡಿದ್ದರು. ಕುದುರೆ ಸವಾರನ ತಲೆಗೆ ತಾಗದಷ್ಟು ಎತ್ತರ ಇರಬೇಕಿತ್ತು.

ಮೇಲಂತಸ್ತು ಹೀಗೆ ಬೀದಿಗೆ ಚಾಚಲು ಒಂದು ಕಾರಣ ಓದಲು ಬಂದ ಹುಡುಗರು! ಬೊಲೋನ್ಯ ವಿಶ್ವವಿದ್ಯಾನಿಲಯ 1088ರಲ್ಲಿ ಆರಂಭವಾಯಿತೆಂದು ಹೇಳುತ್ತಾರೆ. ಇಂದಿಗೂ ನಡೆಯುತ್ತಿರುವ ಯುರೋಪಿನ ವಿಶ್ವವಿದ್ಯಾನಿಲಯಗಳಲ್ಲಿ ಇದೇ ಹಳೆಯದು. ಕಾನೂನು ಕಲಿಯಲು ದೂರದೂರದ ದೇಶಗಳಿಂದ ಬಂದವರಿಗೆಲ್ಲ ಕೋಣೆ ಬೇಡವೇ? ಊರಿನವರು ಮೇಲಂತಸ್ತನ್ನು ಮುಂದಕ್ಕೆ ಹಿಗ್ಗಿಸಿ ಬಾಡಿಗೆಗೆ ಕೊಟ್ಟರು. ಒಟ್ಟಿನಲ್ಲಿ ನಮ್ಮ ಬೆಂಗಳೂರಿನ ಪಿ.ಜಿ. ವ್ಯವಹಾರಕ್ಕೆ ಎಂಟು ಶತಮಾನದ ಇತಿಹಾಸವಿದೆ.

ಆ ಹುಡುಗರು ಸುಮ್ಮನಿರಲಿಲ್ಲ. ದೇಶವಾರು ಸಂಘ ಕಟ್ಟಿಕೊಂಡು, ತಾವೇ ಸಂಬಳ ಕೊಟ್ಟು ಗುರುಗಳನ್ನು ನೇಮಿಸುತ್ತಿದ್ದರು. ಪಾಠ ತಡವಾಗಿ ಶುರು ಮಾಡಿದರೆ ಗುರುಗಳಿಗೇ ದಂಡ. ಇದನ್ನು ಕೇಳಿ ನಮ್ಮ ಮೊಮ್ಮಗ, "ಮಿಸ್‌ಗೆ ಫೈನಾ?" ಎಂದು ಬೀದಿಯಲ್ಲೇ ಕುಣಿದ.

1563ರಲ್ಲಿ ಕಟ್ಟಿದ ಆರ್ಕಿಜಿನ್ನಾಸಿಯೊ ಎಂಬ ಹಳೆಯ ವಿದ್ಯಾಲಯ ಭವನಕ್ಕೆ ಮೊಮ್ಮಗಳು ನಮ್ಮನ್ನು ಕರೆದೊಯ್ದಳು. ಗೋಡೆ, ಚಾವಣಿಗಳ ತುಂಬ ಬಣ್ಣಬಣ್ಣದ ಲಾಂಛನಗಳು, ಸಾವಿರಾರು. ಅವೆಲ್ಲ ಅಲ್ಲಿ ಓದಿದವರ ಗುರುತುಗಳು. ಆ ಕಟ್ಟಡ ಏಳುವ ಮೊದಲೇ, 1496ರಲ್ಲಿ, ಪೋಲೆಂಡಿನಿಂದ ಒಬ್ಬ ಯುವಕ ಕಾನೂನು ಓದಲು ಬೊಲೋನ್ಯಕ್ಕೆ ಬಂದಿದ್ದ. ಓದಲು ಬಂದದ್ದು ಕಾನೂನು, ಕಣ್ಣು ಮಾತ್ರ ಆಕಾಶದ ಮೇಲೆ. ಅವನೇ ಕೋಪರ್ನಿಕಸ್. 1732ರಲ್ಲಿ ಇದೇ ವಿಶ್ವವಿದ್ಯಾನಿಲಯ ಲಾರಾ ಬಾಸ್ಸಿ ಎಂಬ ಯುವತಿಗೆ ಡಾಕ್ಟರೇಟ್ ಕೊಟ್ಟು, ಅದೇ ವರ್ಷ ಪ್ರಾಧ್ಯಾಪಕಿಯನ್ನಾಗಿಯೂ ಮಾಡಿತು. ಲಾಂಛನಗಳನ್ನು ನೋಡುತ್ತ ಮೊಮ್ಮಗಳು ಮೆಲ್ಲಗೆ ಕೇಳಿದಳು: "ತಾತ, ಇವರೆಲ್ಲ ಮನೆ ಬಿಟ್ಟು ಬಂದೋರು. ಮೊದಲ ತಿಂಗಳು ಇವರೂ ಅತ್ತಿರ್ತಾರಾ?"

ಅವಳ ಕೋಣೆ ಇದ್ದದ್ದು ಲಿಫ್ಟಿಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಜೊತೆಗೆ ಸ್ಪೇನಿನ ಒಬ್ಬಳು, ಪೋಲೆಂಡಿನ ಒಬ್ಬಳು, ಸಿಸಿಲಿಯ ಒಬ್ಬಳು. ಸಂಜೆ ಐದಕ್ಕೇ ಕತ್ತಲು. ಹೋಟೆಲುಗಳಲ್ಲಿ ರಾತ್ರಿಯೂಟ ಶುರುವಾಗುವುದು ಏಳೂವರೆ ಎಂಟಕ್ಕೆ. ಊರಿನ ಹೆಸರಾದ ತೋರ್ತೆಲ್ಲಿನಿಯೊಳಗೆ ಮಾಂಸ. ಎಲ್ಲದರ ಮೇಲೂ ಉದುರಿಸುವ ಪಾರ್ಮಿಜಾನೊ ಗಿಣ್ಣಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ. ಹೀಗಾಗಿ ಹುಡುಗಿ ಬ್ರೆಡ್ಡು, ಜಾಮಿನಲ್ಲೇ ದಿನ ದೂಡಿದ್ದಳು. ನನ್ನಾಕೆ ಅಂಗಡಿಯಲ್ಲಿ 'ಸೆಮೊಲಿನೊ' ಎಂಬ ಪೊಟ್ಟಣವನ್ನು ಬೆರಳಲ್ಲಿ ಒತ್ತಿ ನೋಡಿ, "ಇದು ನಮ್ಮ ರವೆಯೇ" ಎಂದು ತೀರ್ಪು ಕೊಟ್ಟಳು. ಅಂದು ರಾತ್ರಿ ಉಪ್ಪಿಟ್ಟು. ನಾಲ್ಕು ಹುಡುಗಿಯರೂ ಬಾಣಲೆಯ ತಳದವರೆಗೆ ಕೆರೆದು ತಿಂದರು.

ಪೀಸಾದಲ್ಲಿ ನಮ್ಮ ಅಂಕಿಗಳು

ಮರುದಿನ ಪೀಸಾ. ಪ್ಯಾಸೆಂಜರ್ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರಂ ಬಳಿಯ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು. ಇಲ್ಲವಾದರೆ ಟಿಕೆಟ್ ಇದ್ದೂ ದಂಡ. ಮೊಮ್ಮಗಳು ಆರೂ ಟಿಕೆಟ್‌ಗಳಿಗೆ ಮುದ್ರೆ ಒತ್ತಿಸಿ ನಮ್ಮನ್ನು ಹತ್ತಿಸಿದಳು.

ವಾಲುಗೋಪುರದ ಕೆಲಸ ಶುರುವಾದದ್ದು 1173ರಲ್ಲಿ. ಮೂರನೇ ಅಂತಸ್ತು ಏಳುವಷ್ಟರಲ್ಲಿ ಒಂದು ಪಕ್ಕದ ಮೆದು ಮಣ್ಣು ಕುಸಿದು ವಾಲತೊಡಗಿತು. ನಡುವೆ ಕೆಲಸ ಬಹುಕಾಲ ನಿಂತದ್ದೇ ಒಳ್ಳೆಯದಾಯಿತು; ಅಷ್ಟರಲ್ಲಿ ಮಣ್ಣು ಒತ್ತಿ ಗಟ್ಟಿಯಾಯಿತು. ವಾಲು ಹೆಚ್ಚುತ್ತಲೇ ಇದ್ದುದರಿಂದ 1990ರಲ್ಲಿ ಬಾಗಿಲು ಹಾಕಿ, ಎತ್ತರದ ಪಕ್ಕದ ಅಡಿಯಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದರು. ಗೋಪುರ ಸುಮಾರು 40 ಸೆಂಟಿಮೀಟರು ಹಿಂದಕ್ಕೆ ಬಂತು. 2001ರಲ್ಲಿ ಮತ್ತೆ ತೆರೆದರು. "ಪೂರ್ತಿ ನೆಟ್ಟಗೆ ಯಾಕೆ ಮಾಡಲಿಲ್ಲ?" ಎಂದ ಮೊಮ್ಮಗ. "ಮಾಡಿದ್ದರೆ ನೀನು ಬರುತ್ತಿದ್ದೆಯಾ?" ಎಂದೆ.

ನಾನು ನೋಡಬೇಕೆಂದಿದ್ದುದು ಬೇರೆ. ಗೋಪುರದ ಮೈದಾನಕ್ಕೆ ಸೇರಿದ ಕಾಂಪೊಸಾಂತೊ ಎಂಬ ಹಳೆಯ ಸ್ಮಶಾನ ಭವನದಲ್ಲಿ ಫಿಬೊನಾಚಿಯ ಪ್ರತಿಮೆ ಇದೆ. ಅವನ ನಿಜ ಹೆಸರು ಲಿಯೊನಾರ್ಡೊ. ತಂದೆ ಪೀಸಾದ ವರ್ತಕರ ಪರವಾಗಿ ಉತ್ತರ ಆಫ್ರಿಕದ ಬುಜಿಯ ಬಂದರಿನ ಸುಂಕದಕಟ್ಟೆಯಲ್ಲಿ ಕೆಲಸದಲ್ಲಿದ್ದ. ಮಗನೂ ಲೆಕ್ಕ ಕಲಿಯಲೆಂದು ಅವನನ್ನು ಅಲ್ಲಿಗೇ ಕರೆಸಿಕೊಂಡ. ಭಾರತದಿಂದ ಅರಬರ ಕೈಗೆ ಬಂದಿದ್ದ ಒಂಬತ್ತು ಅಂಕಿಗಳನ್ನೂ ಸೊನ್ನೆಯನ್ನೂ ಹುಡುಗ ಅಲ್ಲಿ ಕಲಿತ. 1202ರಲ್ಲಿ ಪುಸ್ತಕ ಬರೆದು, ಇವು ಭಾರತೀಯರ ಅಂಕಿಗಳು ಎಂದು ಹೇಳಿಯೇ ಯುರೋಪಿನ ವರ್ತಕರಿಗೆ ಕಲಿಸಿದ. ನಮ್ಮ 'ಶೂನ್ಯ' ಅರಬ್ಬಿಯಲ್ಲಿ 'ಸಿಫ್ರ್' ಆಗಿ, ಅವನ ಲ್ಯಾಟಿನ್‌ನಲ್ಲಿ 'ಜೆಫಿರಮ್' ಆಗಿ, ಕೊನೆಗೆ 'ಜೀರೋ' ಎಂದು ನಮಗೇ ವಾಪಸು ಬಂತು.

ಅದರ ಬೆಲೆ ತಿಳಿಯಬೇಕೆಂದರೆ, ಮಕ್ಕಳೇ, ಒಂದು ಕೆಲಸ ಮಾಡಿ. 48ನ್ನು 27ರಿಂದ ಗುಣಿಸಿ. ನಮ್ಮ ಮೊಮ್ಮಗ ಅರ್ಧ ನಿಮಿಷದಲ್ಲಿ 1296 ಎಂದ. ಈಗ ಅದನ್ನೇ ರೋಮನ್ ಅಂಕಿಗಳಲ್ಲಿ ಬರೆದು, ನಮ್ಮ ಅಂಕಿ ಮುಟ್ಟದೆ ಗುಣಿಸಿ ನೋಡಿ! ಅವನು ಎರಡು ಹಾಳೆ ಗೀಚಿ ಪೆನ್ಸಿಲ್ ಕೆಳಗಿಟ್ಟ. ಆಮೇಲೆ ಪ್ರತಿಮೆ ನೋಡುತ್ತ, "ಅಕ್ಕನ ಹಾಗೆ ಇವನೂ ಹೊರದೇಶಕ್ಕೆ ಸೆಮಿಸ್ಟರ್ ಓದೋಕೆ ಹೋಗಿದ್ನಾ?" ಎಂದ. ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

ಪೀಸಾದಲ್ಲಿ ಚೆಚಿನಾ ಎಂಬ ತಿಂಡಿ ಸಿಗುತ್ತದೆ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ, ದೊಡ್ಡ ತಟ್ಟೆಯಲ್ಲಿ ಹೊಯ್ದು ಒಲೆಯಲ್ಲಿ ಬೇಯಿಸುತ್ತಾರೆ. ಸಸ್ಯಾಹಾರಿಗಳು ಧೈರ್ಯವಾಗಿ ತಿನ್ನಬಹುದು. ನನ್ನಾಕೆ ಎರಡು ತುಂಡು ತಿಂದು, "ಕಡ್ಲೆಹಿಟ್ಟಿನ ದೋಸೆ ಚೆನ್ನಾಗಿದೆ, ಮೆಣಸಿನಕಾಯಿ ಮರೆತಿದ್ದಾರೆ" ಎಂದಳು.

ಬೆಂಚಿನಿಂದ ಬ್ಯಾಂಕು

ಫ್ಲಾರೆನ್ಸಿನಲ್ಲಿ ಬ್ರುನೆಲ್ಲೆಸ್ಕಿ ಎಂಬಾತ ನೆಲದಿಂದ ಮರದ ಆಸರೆ ಕೊಡದೆಯೇ 1420ರಿಂದ 1436ರವರೆಗೆ ಕಟ್ಟಿದ ದೊಡ್ಡ ಗುಮ್ಮಟಕ್ಕೆ 463 ಮೆಟ್ಟಿಲು. ಎಳೆಯರು ಹತ್ತಿದರು. ನಾವಿಬ್ಬರು ಕೆಳಗಿನ ಕಾಫಿ ಅಂಗಡಿಯಲ್ಲಿ ನಿಂತೆವು. ನಿಂತೆವು ಎಂದದ್ದು ನಿಜವಾಗಿಯೇ: ಇಟಲಿಯ ಕಾಫಿ ಅಂಗಡಿಗಳಲ್ಲಿ ಕಟ್ಟೆಯ ಮುಂದೆ ನಿಂತು ಕುಡಿದರೆ ಒಂದು ದರ, ಮೇಜಿಗೆ ಕೂತರೆ ಅದಕ್ಕಿಂತ ಹೆಚ್ಚು.

ಈ ಊರು ನನ್ನಂಥ ಬ್ಯಾಂಕ್ ಗುಮಾಸ್ತನಿಗೆ ತೀರ್ಥಕ್ಷೇತ್ರ. 'ಬ್ಯಾಂಕು' ಎಂಬ ಮಾತು ಹುಟ್ಟಿದ್ದೇ ಇಟಲಿಯ 'ಬಾಂಕೊ'ದಿಂದ, ಹಾಗೆಂದರೆ ಬೆಂಚು. ನಾಣ್ಯ ವಿನಿಮಯ ಮಾಡುವವರು ಬೀದಿಯಲ್ಲಿ ಬೆಂಚು ಹಾಕಿ ಕೂರುತ್ತಿದ್ದರು. 1252ರಲ್ಲಿ ಇಲ್ಲಿ ಟಂಕಿಸಿದ ಫ್ಲೋರಿನ್ ಎಂಬ ಚಿನ್ನದ ನಾಣ್ಯ ಯುರೋಪೆಲ್ಲ ನಡೆಯಿತು. ಆದರೆ ಅದೇ ಫ್ಲಾರೆನ್ಸಿನ ಲೇವಾದೇವಿಗಾರರ ಸಂಘ 1299ರಲ್ಲಿ ಸದಸ್ಯರು ಹೊಸ ಅಂಕಿಗಳಲ್ಲಿ ಲೆಕ್ಕ ಬರೆಯಕೂಡದೆಂದು ನಿಷೇಧ ಹಾಕಿತು! ಸೊನ್ನೆಯನ್ನು ಆರು ಮಾಡುವುದು, ಒಂಬತ್ತು ಮಾಡುವುದು ಸುಲಭ ಎಂಬ ಭಯವೂ ಇದಕ್ಕೆ ಕಾರಣವೆನ್ನುತ್ತಾರೆ. ನನಗೆ ನಗು ಬರಲಿಲ್ಲ. ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದಿದ್ದಾರೆಯೇ ಎಂದು ಕೌಂಟರಿನಲ್ಲಿ ದಿನವೂ ನೋಡಿದವನು ನಾನು. ಆ ಭಯ ಇನ್ನೂ ಹೋಗಿಲ್ಲ.

ವೆನಿಸ್ಸಿನ ಸಂಜೆ

ವೆನಿಸ್ಸಿನಲ್ಲಿ ನೂರಕ್ಕೂ ಹೆಚ್ಚು ದ್ವೀಪ, ನಾನೂರಕ್ಕೂ ಹೆಚ್ಚು ಸೇತುವೆ, ಹೆಚ್ಚಿನವಕ್ಕೆಲ್ಲ ಮೆಟ್ಟಿಲು. ಮಂಡಿ ನೋವಿನವರು ಇದನ್ನು ಮೊದಲೇ ತಿಳಿದಿರಬೇಕು. ಮೊಮ್ಮಗಳು ನಕ್ಷೆ ನೋಡಿ ದೋಣಿಬಸ್ಸಿನಲ್ಲಿ ಹೋಗಬಹುದಾದಷ್ಟು ದೂರ ದೋಣಿಯಲ್ಲೇ ಕರೆದೊಯ್ದು, ಅಜ್ಜಿಗೆ ನಾಲ್ಕೇ ಸೇತುವೆ ಉಳಿಸಿದ್ದಳು. ಈ ಊರು ನಿಂತಿರುವುದು ಕೆಸರಿನಲ್ಲಿ ಒತ್ತೊತ್ತಾಗಿ ಹೂಳಿದ ಮರದ ಗೂಟಗಳ ಮೇಲೆ. ಕೆಸರೊಳಗೆ ಗಾಳಿಯಾಡದ ಕಾರಣ ಶತಮಾನಗಳಾದರೂ ಅವು ಬೇಗ ಕೊಳೆಯುವುದಿಲ್ಲ. ಸಂತ ಮಾರ್ಕನ ಚೌಕದ ತಗ್ಗಿನಲ್ಲಿ ಅಂದು ಬೆಳಿಗ್ಗೆ ಹಿಮ್ಮಡಿ ಮುಳುಗುವಷ್ಟು ನೀರಿತ್ತು. ಹಲಗೆಯ ಕಾಲುದಾರಿಯ ಮೇಲೆ ಜನ ಸಾಲಾಗಿ ನಡೆಯುತ್ತಿದ್ದರು. ಇದೇ ವೆನಿಸ್ಸಿನಲ್ಲಿ 1494ರಲ್ಲಿ ಲೂಕಾ ಪಚೋಲಿ ಎಂಬ ಸನ್ಯಾಸಿಯ ಗಣಿತದ ಗ್ರಂಥ ಅಚ್ಚಾಯಿತು. ವೆನಿಸ್ಸಿನ ವರ್ತಕರು ಲೆಕ್ಕ ಬರೆಯುವ ರೀತಿಯನ್ನು, ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಬೇಕೆಂಬ ಕ್ರಮವನ್ನು, ಅವನು ಅದರಲ್ಲಿ ವಿವರಿಸಿದ. ಬಿ.ಕಾಂ. ತರಗತಿಯಲ್ಲಿ ಅವನ ಹೆಸರು ಬಾಯಿಪಾಠ ಮಾಡಿದ್ದೆ. ಆ ಊರಿನಲ್ಲಿ ಕಾಲಿಡುತ್ತೇನೆಂದು ಎಣಿಸಿರಲಿಲ್ಲ.

ಸಂಜೆ ಸ್ಟೇಷನ್ನಿಗೆ ಬಂದರೆ ಬೋರ್ಡಿನಲ್ಲಿ ನಮ್ಮ ರೈಲಿನ ಮುಂದೆ 'ರದ್ದು' ಎಂದಿತ್ತು. ಮುಷ್ಕರವಂತೆ. ಕತ್ತಲು, ಚಳಿ, ನೂರಾರು ಜನ. ಮಗ ಫೋನಿನಲ್ಲಿ ಏನೇನೋ ಹುಡುಕುತ್ತಿದ್ದ. ಮೊಮ್ಮಗಳು ತಮ್ಮನ ಕೈಯನ್ನು ಅಜ್ಜಿಯ ಕೈಗಿತ್ತು, "ಇಲ್ಲೇ ನಿಂತಿರಿ, ಅಲ್ಲಾಡಬೇಡಿ" ಎಂದು ಹೇಳಿ ಜನರ ನಡುವೆ ನುಗ್ಗಿದಳು. ಕೌಂಟರಿನವನ ಜೊತೆ ಇಟಾಲಿಯನ್ನಿನಲ್ಲಿ, ತಡವರಿಸುತ್ತ, ಆದರೆ ಬಿಡದೆ ಮಾತಾಡಿದಳು. ಇಪ್ಪತ್ತು ನಿಮಿಷಕ್ಕೆ ಬಂದು, "ಪಾದುವಾ, ಫೆರಾರಾ ಮೇಲೆ ಹೋಗೋ ಪ್ಯಾಸೆಂಜರ್ ಒಂದಿದೆ, ಓಡಿ" ಎಂದಳು. ಊರಲ್ಲಿ ಆಟೋದವರ ಹತ್ತಿರ ಮಾತಾಡಲು ಅಪ್ಪನನ್ನು ಮುಂದೆ ತಳ್ಳುತ್ತಿದ್ದವಳು ಇವಳೇ.

ರೈಲು ಹೊರಟ ಮೇಲೆ ಅಜ್ಜಿ ಕೇಳಿದಳು: "ನಾಡಿದ್ದು ನಮ್ಮ ಜೊತೆ ಹೊರಡ್ತೀಯೇನೇ?"

ಹುಡುಗಿ ತಕ್ಷಣ ಉತ್ತರಿಸಲಿಲ್ಲ. ಕಿಟಕಿಯ ಹೊರಗೆ ನೋಡಿದಳು. ಕತ್ತಲಲ್ಲಿ ಕಾಣುವಂಥದ್ದೇನೂ ಇರಲಿಲ್ಲ. "ಬರೋಣ ಅಂತಲೇ ಇತ್ತು ಅಜ್ಜಿ. ಆದ್ರೆ ಜನವರೀಲಿ ಪರೀಕ್ಷೆ ಇದೆ. ಬರೆದೇ ಬರ್ತೀನಿ."

"ಅಳು ಬಂದ್ರೆ?"

"ಬರತ್ತೆ. ಫೋನ್ ಮಾಡ್ತೀನಿ."

ನನ್ನಾಕೆ ಮತ್ತೇನೂ ಕೇಳಲಿಲ್ಲ. ಬೊಲೋನ್ಯದಲ್ಲಿ ಕೊನೆಯ ರಾತ್ರಿ ಅವಳ ಸೂಟ್‌ಕೇಸು ತೆರೆದಾಗ ಖಾಲಿ ಅರ್ಧಕ್ಕೆ ಮೊಮ್ಮಗಳ ತೆಳು ಬಟ್ಟೆಗಳು ಹೋದವು, ಆ ಚಳಿಗೆ ಅವು ದಂಡ. ಇನ್ನರ್ಧದಲ್ಲಿದ್ದ ಅವಲಕ್ಕಿ, ಪುಡಿಗಳು ನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ ಉಳಿದವು. ಅವುಗಳ ಜೊತೆ ನನ್ನಾಕೆಯ ಉಣ್ಣೆಯ ಶಾಲೂ ಉಳಿಯಿತು. ವಿಮಾನದಲ್ಲಿ ಅವಳು ನನ್ನ ಸ್ವೆಟರ್ ಹಾಕಿಕೊಂಡು ಕೂತಿದ್ದಳು.

ಆಮೇಲೆ ಅಳುವಿನ ಫೋನು ಎರಡು ಬಾರಿ ಬಂತು. ಮೂರನೆಯದರಲ್ಲಿ ಉಪ್ಪಿಟ್ಟಿಗೆ ನೀರು ಎಷ್ಟು ಎಂಬ ಪ್ರಶ್ನೆ ಇತ್ತು. ಫೆಬ್ರವರಿಯಲ್ಲಿ ಪರೀಕ್ಷೆಗಳನ್ನೆಲ್ಲ ಮುಗಿಸಿ ಬಂದಳು. ಈಗ ಬೆಳಿಗ್ಗೆ ಅಡುಗೆಮನೆಯ ಕಟ್ಟೆಗೆ ಒರಗಿ, ನಿಂತೇ ಕಾಫಿ ಕುಡಿಯುತ್ತಾಳೆ. "ಕೂತ್ಕೊಂಡು ಕುಡಿಯೇ, ನಮ್ಮನೇಲಿ ಕೂತ್ರೂ ದುಡ್ಡು ಕೇಳಲ್ಲ" ಎನ್ನುತ್ತಾಳೆ ಅಜ್ಜಿ.