ನಾನಾ ಅವರ ಬೆಂಜೋ ಲೆಕ್ಕ

ನನ್ನ ನಾನಾ, ಅಂದರೆ ಅಮ್ಮಿಯ ತಂದೆ, ಕವ್ವಾಲಿ ಪಾರ್ಟಿಯಲ್ಲಿ ನಲವತ್ತು ವರ್ಷ ಬೆಂಜೋ ನುಡಿಸಿದವರು. ಇಂಗ್ಲಿಷ್ ಸಿನಿಮಾದ ದುಂಡನೆಯ ಬ್ಯಾಂಜೋ ಅಲ್ಲ. ಟೈಪ್‌ರೈಟರ್ ತರಹ ಕೀಗಳಿರುವ ಬುಲ್‌ಬುಲ್ ತರಂಗ್. ಎಡಗೈ ಕೀ ಒತ್ತುತ್ತದೆ, ಬಲಗೈ ತಂತಿ ಮೀಟುತ್ತದೆ. ಈಗ ಅವರ ಎಡಗೈಯ ಎರಡು ಬೆರಳು ಸರಿಯಾಗಿ ಮಡಚುವುದಿಲ್ಲ. ಅವರೇ ಕಟ್ಟಿದ ಧುನ್‌ಗಳು ಯಾವ ಕಾಗದದಲ್ಲೂ ಇಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೇವೆ, ಆದರೆ ಕೇಳಿ ಸ್ವರ ಬರೆಯುವವರು ಮನೆಯಲ್ಲಿ ಯಾರೂ ಇಲ್ಲ.

ಅದಕ್ಕೇ ಭಾಯಿಯ ಲ್ಯಾಪ್‌ಟಾಪಿಗೆ, ನುಡಿಸುತ್ತಿರುವಾಗಲೇ ದನಿಯನ್ನು ಮಿಡಿಗೆ ಬದಲಿಸುವ ಸಾಫ್ಟ್‌ವೇರ್ ಹಾಕಿಕೊಂಡೆವು.

ಮಿಡಿಯಲ್ಲಿ ದನಿ ಇರುವುದಿಲ್ಲ. ನಮ್ಮ ಅಕೌಂಟೆನ್ಸಿಯ ಜರ್ನಲ್ ಇದ್ದಂತೆ: ಸರಕು ಗೋದಾಮಿನಲ್ಲಿ, ಪುಸ್ತಕದಲ್ಲಿ ಬರೀ ನಮೂದು. ಯಾವ ಸ್ವರ, ಎಷ್ಟು ಜೋರು, ಯಾವಾಗ ಶುರು, ಯಾವಾಗ ಮುಗಿಯಿತು. ಸ್ವರಕ್ಕೆ 0ರಿಂದ 127ರವರೆಗೆ ಒಂದು ನಂಬರ್. ಸೆಕೆಂಡಿಗೆ 440 ಕಂಪನದ ಸ್ವರ 69. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದಕ್ಕೊಂದು ಹೊಂದಲಿ ಎಂದು 1983ರಲ್ಲಿ ಇದು ಬಂತು. ಅಮೆರಿಕದ ಡೇವ್ ಸ್ಮಿತ್ ಜೊತೆ ಇದಕ್ಕೆ ದುಡಿದವರು ಜಪಾನಿನ ಇಕುಟಾರೊ ಕಾಕೆಹಾಶಿ. ನಮ್ಮ ಬೆಂಜೋದ ಮೂಲವೂ ಜಪಾನೇ, 1912ರಲ್ಲಿ ನಗೋಯಾದಲ್ಲಿ ಹುಟ್ಟಿದ ತೈಶೋಗೋತೋ. ನಾನಾ ಇದನ್ನು ಇವತ್ತಿಗೂ ನಂಬಿಲ್ಲ.

ಎಲೆಕ್ಟ್ರಾನಿಕ್ ಕೀಬೋರ್ಡ್ ಆದರೆ ಒತ್ತಿದ ಕೂಡಲೇ ನಂಬರ್ ಸಿದ್ಧ. ತಂತಿಯ ದನಿಯನ್ನು ಕಂಪ್ಯೂಟರ್ ಅಳೆದು ನೋಡಬೇಕು. ಅಲೆ ಒಂದೆರಡು ಸುತ್ತು ಬರದೆ ಅದು ಯಾವ ಸ್ವರವೆಂದು ಗೊತ್ತಾಗುವುದಿಲ್ಲ. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಎರಡು ಸುತ್ತಿಗೇ 24 ಮಿಲಿಸೆಕೆಂಡ್ ಬೇಕು. ಬೆಂಜೋ ಮೇಲಿನ ಸ್ವರದ್ದಾದ್ದರಿಂದ ಕಾಯುವುದು ಕಡಿಮೆ. ಆದರೂ ನಾನಾ ಮೊದಲ ದಿನವೇ, "ಇವನು ನನ್ನ ಹಿಂದೆ ಓಡಿ ಬರುತ್ತಾನಲ್ಲ" ಅಂದರು. ನಲವತ್ತು ವರ್ಷದ ಕಿವಿ!

ನಿಜವಾದ ತೊಂದರೆ ಕೊಟ್ಟಿದ್ದು ಶ್ರುತಿ ತಂತಿಗಳು. ಅವೂ ಜೊತೆಗೇ ಮೊಳಗುವುದರಿಂದ ಸಾಫ್ಟ್‌ವೇರ್ ನಾನಾ ಮುಟ್ಟದ ಸ್ವರಗಳನ್ನೂ ಬರೆಯುತ್ತಿತ್ತು. ಬಟ್ಟೆ ತುರುಕಿ ಅವುಗಳ ಬಾಯಿ ಮುಚ್ಚಿಸಲು ಹೋದೆವು. "ಅದಿಲ್ಲದೆ ಸುರ್ ಎಲ್ಲಿಂದ ತರಲಿ?" ಎಂದು ಬೆಂಜೋ ಪಕ್ಕಕ್ಕಿಟ್ಟರು. ಕೊನೆಗೆ ಮೊಬೈಲಿನ ತಂಬೂರಿ ಆ್ಯಪನ್ನು ಇಯರ್‌ಫೋನಿನಲ್ಲಿ ಒಂದೇ ಕಿವಿಗೆ ಹಾಕಿದಾಗ ಗೊಣಗುತ್ತಲೇ ಒಪ್ಪಿದರು.

ಕೀಯನ್ನು ಗಟ್ಟಿಯಾಗಿ ಅದುಮಿದರೆ ಸ್ವರ ಕೊಂಚ ಮೇಲೇರುತ್ತದೆ. ನಾನಾ ಅದನ್ನು ಬೇಕೆಂದೇ ಮಾಡುತ್ತಾರೆ. ಇದಕ್ಕೆ ಮಿಡಿಯಲ್ಲಿ ಪಿಚ್ ಬೆಂಡ್ ಎಂಬ ಬೇರೆ ನಮೂದಿದೆ, 16,384 ಮೆಟ್ಟಿಲುಗಳದ್ದು. ಆದರೂ ಸಾಫ್ಟ್‌ವೇರ್ ಕೆಲವೊಮ್ಮೆ ಮುಂದಿನ ಸ್ವರವನ್ನೇ ಬರೆದುಬಿಡುತ್ತದೆ. ನುಡಿಸುವಾಗಲೇ ಸ್ಕ್ರೀನಿನಲ್ಲಿ ಮೂಡುವುದರಿಂದ ನಾನಾ ಅಲ್ಲೇ ತಡೆಯುತ್ತಾರೆ: "ನಾನು ಅದನ್ನು ಒತ್ತಿಲ್ಲ, ಅಳಿಸು."

ಹೀಗೆ ಐದು ಧುನ್ ಬರೆಸಿದ್ದೇವೆ. ಆರನೆಯದು ಬಹಳ ವೇಗದ್ದು, ಆ ಎರಡು ಬೆರಳು ಬೇಕೇ ಬೇಕು. ನಾನಾ ಅದನ್ನು ಅರ್ಧ ವೇಗದಲ್ಲಿ, ತಡೆತಡೆದು ನುಡಿಸಿದರು. ಮಿಡಿಯಲ್ಲಿರುವುದು ಬರೀ ನಮೂದಾದ್ದರಿಂದ ವೇಗ ಹೆಚ್ಚಿಸಿದರೂ ಸ್ವರ ಏರುವುದಿಲ್ಲ. ಹೋದ ಭಾನುವಾರ ಅದನ್ನು ಎರಡು ಪಟ್ಟು ಮಾಡಿ ಪಿಯಾನೋ ದನಿಯಲ್ಲಿ ಕೇಳಿಸಿದೆವು. ನಾನಾ ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಇನ್ನೂ ಸ್ವಲ್ಪ ಓಡಿಸು" ಅಂದರು.