ಅಂಬಿಗನಿಲ್ಲದ ಹೊಳೆ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಮಾತು ನಮ್ಮಲ್ಲಿ ಉಂಟು. ಹೊಳೆಗೆ ಇಳಿಯುವುದಕ್ಕೆ ಮೊದಲೇ ಅಂಬಿಗ ಬೇಡವೆನ್ನುವವರ ವಿಷಯದಲ್ಲಿ ಗಾದೆ ಏನನ್ನೂ ಹೇಳಿಲ್ಲ. ಅಂಥವರನ್ನು ಕಾಣುವ ಸಂದರ್ಭ ನಮ್ಮ ಹಿರಿಯರಿಗೆ ಬಂದಿರಲಾರದು. ಹರಿಗೋಲು ಹತ್ತಿದವನು ಕಾಲು ಮಡಿಸಿ ಕೂತು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಮಿಕ್ಕ ಚಿಂತೆಯನ್ನೆಲ್ಲ ಅಂಬಿಗನ ತಲೆಗೆ ಹಾಕಿಬಿಡುತ್ತಿದ್ದ. ಸುಳಿ ಎಲ್ಲಿದೆ, ಬಂಡೆ ಎಲ್ಲಿದೆ, ಗಾಳಿ ಯಾವ ಕಡೆಗೆ ತಿರುಗೀತು, ಇದೆಲ್ಲ ಅವನ ಲೆಕ್ಕ. ನಾವು ಅವನ ಕೈಗೆ ಹಾಕುತ್ತಿದ್ದ ಕಾಸಿನಲ್ಲಿ ಹುಟ್ಟು ಹಾಕಿದ ಕೂಲಿ ಎಷ್ಟು, ನಮ್ಮ ಚಿಂತೆ ಹೊತ್ತ ಕೂಲಿ ಎಷ್ಟು ಎಂಬುದನ್ನು ನಾನು ಯೋಚಿಸಿದ್ದು ಅಂಬಿಗನೇ ಇಲ್ಲದ ಒಂದು ಹೊಳೆಗೆ ಹೊರಟು ನಿಂತಾಗ.

ಆ ಹೊಳೆ ಅಮೆರಿಕದ ಕೊಲೊರಾಡೊ. ನನ್ನ ಅಕ್ಕನ ಮಗ ಅರಿಜೋನ ರಾಜ್ಯದ ಫೀನಿಕ್ಸ್ ನಗರದಲ್ಲಿ ಎಂಜಿನಿಯರು. ಹೋದ ನವೆಂಬರಿನಲ್ಲಿ ಕೆಲವು ದಿನ ಅವನ ಮನೆಯಲ್ಲಿದ್ದೆ. ಒಂದು ಸಂಜೆ ಕಾಫಿ ಕುಡಿಯುತ್ತ, “ಮಾವ, ಒಂದು ದಿನ ಕಯಾಕ್ ತೊಗೊಂಡು ನದಿ ಮೇಲೆ ಹೋಗೋಣ. ಗೈಡು ಯಾರೂ ಬೇಡ, ನಾವಿಬ್ಬರೇ” ಎಂದ. ಕಯಾಕ್ ಎಂದರೆ, ಉದ್ದನೆಯ ಸೌತೆಕಾಯಿಯನ್ನು ಸೀಳಿ ತಿರುಳು ತೆಗೆದರೆ ಹೇಗೋ ಹಾಗಿರುವ ದೋಣಿ. ಎರಡೂ ತುದಿಗೆ ಅಲಗಿರುವ ಒಂದೇ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತ ಸಾಗಬೇಕು. ಪಾಠ ಹೇಳುವ ಮೇಷ್ಟರ ಕೈಗೆ ಸೀಮೆಸುಣ್ಣಕ್ಕಿಂತ ಭಾರವಾದದ್ದನ್ನು ಎತ್ತಿ ರೂಢಿ ಇರುವುದಿಲ್ಲ. ಆದರೂ ಹೊಳೆದಂಡೆಯಲ್ಲಿ ಬೆಳೆದವನು; ಆಗಲಿ ಎಂದೆ.

ಅವನು ಆರಿಸಿದ್ದ ಜಾಗ ಬ್ಲ್ಯಾಕ್ ಕ್ಯಾನ್ಯನ್ ಎಂಬ ಕಣಿವೆ. ಒಂದು ದಡ ಅರಿಜೋನ, ಇನ್ನೊಂದು ನೆವಾಡ. ಸುತ್ತ ಸುಟ್ಟ ಇಟ್ಟಿಗೆಯ ಬಣ್ಣದ ಬೋಳು ಬಂಡೆ, ನಡುವೆ ನೀರು. 2014ರಲ್ಲಿ ಇಲ್ಲಿಯ 30 ಮೈಲಿಯನ್ನು ರಾಷ್ಟ್ರೀಯ ಜಲಮಾರ್ಗವೆಂದು ಸಾರಿದ್ದಾರೆ. ಮೇಲ್ಗಡೆ 726 ಅಡಿ ಎತ್ತರದ ಹೂವರ್ ಅಣೆಕಟ್ಟು. 1931ರಲ್ಲಿ ಆರಂಭವಾಗಿ 1936ರಲ್ಲಿ ಮುಗಿದದ್ದು. ಕಟ್ಟೆಯ ಬುಡದಲ್ಲಿ ಯಾರೆಂದರೆ ಅವರು ದೋಣಿ ಇಳಿಸುವಂತಿಲ್ಲ. ಅಪ್ಪಣೆ ಪಡೆದ ಸಂಸ್ಥೆಯವರೇ ಕರೆದೊಯ್ಯಬೇಕು. ನಮ್ಮಂತೆ ಸ್ವತಂತ್ರವಾಗಿ ಹೊರಡುವವರಿಗೆ ಸುಮಾರು 12 ಮೈಲಿ ಕೆಳಗಿರುವ ವಿಲ್ಲೋ ಬೀಚ್ ಎಂಬ ದಂಡೆಯೇ ಅನುಕೂಲ. ದೋಣಿ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಅಲ್ಲಿಂದ ಎರಡು ಮೈಲಿ ಮೇಲಕ್ಕೆ ಹೋದರೆ ಎಮರಾಲ್ಡ್ ಕೇವ್ ಎಂಬ ಪುಟ್ಟ ಗುಹೆ. ನಡುಹಗಲಿನ ಬಿಸಿಲು ಬಿದ್ದಾಗ ಒಳಗಿನ ನೀರು ಪಚ್ಚೆಯಂತೆ ಹೊಳೆಯುತ್ತದೆ.

ಕೊಲೊರಾಡೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಕೆಂಬಣ್ಣದ್ದು ಎಂದರ್ಥ. ಹಿಂದೆ ಈ ನದಿ ಮಣ್ಣು ಹೊತ್ತು, ಹಿಮ ಕರಗುವ ಕಾಲದಲ್ಲಿ ಉಕ್ಕಿ ಬರುತ್ತಿತ್ತು. ಈಗ ಮಣ್ಣೆಲ್ಲ ಅಣೆಕಟ್ಟಿನ ಹಿಂದಿನ ಮೀಡ್ ಸರೋವರದ ತಳ ಸೇರುತ್ತದೆ; ಕೆಳಗೆ ಬರುವ ನೀರು ತಿಳಿ ಹಸಿರು. 1951ರಲ್ಲಿ ಮುಗಿದ ಡೇವಿಸ್ ಅಣೆಕಟ್ಟು ಅದನ್ನು ಇನ್ನೂ ಕೆಳಗೆ ಮತ್ತೆ ತಡೆದಿದೆ. ಎರಡು ಕಟ್ಟೆಗಳ ನಡುವೆ ಸಿಕ್ಕಿದ ನದಿ ಸಾಧುವಾಗಿರದೆ ಇನ್ನೇನು ಮಾಡೀತು? “ಕೆರೆ ಇದ್ದ ಹಾಗಿದೆ ಮಾವ” ಎಂದು ಹುಡುಗ ಚಿತ್ರ ತೋರಿಸಿದ. ನಿಜವೇ. ಆದರೆ ಮೈಸೂರಿನಲ್ಲಿರುವ ಅಕ್ಕನಿಗೆ ಯಾರು ಹೇಳುವುದು?

ಹೇಳುವುದಕ್ಕೆ ನಾವಿಬ್ಬರೂ ಹಿಂಜರಿದದ್ದಕ್ಕೆ ಕಾರಣವಿತ್ತು. ಭಾವ ತೀರಿಕೊಂಡದ್ದು ಕಾವೇರಿಯಲ್ಲಿ, 1996ರ ಬೇಸಗೆಯಲ್ಲಿ. ಪ್ರವಾಹವಿಲ್ಲ, ಮಳೆಯಿಲ್ಲ, ಎತ್ತುಗಳ ಮೈ ತೊಳೆಯಲು ಹೋದವರು, ಈಜು ಬಲ್ಲವರು. ಹುಡುಗನಿಗೆ ಆಗ ಐದು ವರ್ಷ. ಅಂದಿನಿಂದ ಅಕ್ಕ ಅವನನ್ನು ಹೊಳೆಯ ಕಡೆಗೆ ಬಿಟ್ಟವಳಲ್ಲ. ಅವನು ಈಜು ಕಲಿತದ್ದು ಫೀನಿಕ್ಸಿಗೆ ಹೋದ ಮೇಲೆ, ಅವಳಿಗೆ ತಿಳಿಸದೆ. ಸಾಧುವಾದ ನದಿ ಎಂಬ ನಮ್ಮ ಸಮಾಧಾನ ಅವಳ ಕಿವಿಗೆ ಹೇಗೆ ಕೇಳಿಸೀತೆಂದು ನೀವೇ ಊಹಿಸಬಹುದು.

ಹೇಳದೆ ಹೋಗುವುದು ಸುಲಭವಾಗಿತ್ತು. ಹುಡುಗನೇ ಬೇಡವೆಂದ. ಫೋನು ಮಾಡಿ ಈಜಿನ ವಿಷಯವನ್ನೂ ಸೇರಿಸಿ ಎಲ್ಲವನ್ನೂ ಹೇಳಿದ. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಕ್ಕ ಅಳಲೂ ಇಲ್ಲ, ಬೇಡವೆನ್ನಲೂ ಇಲ್ಲ, “ನೀರು ತಣ್ಣಗಿರುತ್ತೇನೋ?” ಎಂದು ಕೇಳಿದಳು.

ಆ ಪ್ರಶ್ನೆಯಿಂದ ನಮ್ಮ ನಿಜವಾದ ಸಿದ್ಧತೆ ಶುರುವಾಯಿತು. ಮರುಭೂಮಿಯ ನದಿ ಬೆಚ್ಚಗಿದ್ದೀತೆಂದು ನಾನು ತಿಳಿದಿದ್ದೆ. ವಿಚಾರಿಸಿದರೆ, ಸರೋವರದ ಆಳದಿಂದ ಹೊರಬರುವ ಆ ನೀರು ಅಣೆಕಟ್ಟಿನ ಬಳಿ ವರ್ಷವಿಡೀ ಸುಮಾರು 12ರಿಂದ 14 ಡಿಗ್ರಿ ಸೆಲ್ಸಿಯಸ್. ಬೇಸಗೆಯಲ್ಲಿ ದಡದ ಮೇಲೆ 43 ಡಿಗ್ರಿ ದಾಟುವ ಬಿಸಿಲು, ಕೈ ಇಳಿಬಿಟ್ಟರೆ ಕೊರೆಯುವ ನೀರು! ಅಂಥ ನೀರಿಗೆ ಹಠಾತ್ತನೆ ಬಿದ್ದವನ ಉಸಿರು ಸಿಕ್ಕಿಕೊಳ್ಳುತ್ತದೆ. ಕೆಲವೇ ನಿಮಿಷಗಳಲ್ಲಿ ಕೈಕಾಲು ಸೋಲುತ್ತವೆ. ಕಲಿತ ಈಜು ಕೆಲಸಕ್ಕೆ ಬಾರದೆ ಹೋಗಬಹುದು. ಅರಿಜೋನದ ಕಾನೂನಿನಂತೆ ದೋಣಿಯಲ್ಲಿ ತಲೆಗೊಂದು ಲೈಫ್ ಜಾಕೆಟ್ಟು ಇದ್ದರೆ ಸಾಕು; ತೊಟ್ಟೇ ಇರಬೇಕಾದವರು 12 ವರ್ಷ ಮತ್ತು ಅದಕ್ಕಿಂತ ಚಿಕ್ಕವರು. ಅಕ್ಕನ ಕಾನೂನು ಇನ್ನೂ ಬಿಗಿ: “ಇಬ್ಬರೂ ಹಾಕ್ಕೊಂಡೇ ಕೂರಬೇಕು. ನಿನಗೂ ಸೇರಿಸೇ ಹೇಳಿದ್ದು ಕಣೋ.”

ಮರುದಿನದ ಪ್ರಶ್ನೆ: “ಕಟ್ಟೆಯಿಂದ ನೀರು ಯಾವಾಗ ಬಿಡ್ತಾರೆ?” ಕನ್ನಂಬಾಡಿಯ ಕೆಳಗೆ ಬಾಳಿದವರಿಗಲ್ಲದೆ ಈ ಪ್ರಶ್ನೆ ಬೇಗ ಹೊಳೆಯದು. ಹೂವರಿನಲ್ಲಿ ವಿದ್ಯುತ್ತಿನ ಬೇಡಿಕೆಯನ್ನೂ ಕೆಳಗಿನವರ ನೀರಿನ ಅಗತ್ಯವನ್ನೂ ನೋಡಿಕೊಂಡು ನೀರು ಬಿಡುತ್ತಾರೆ. ದಿನದೊಳಗೇ ಮಟ್ಟ ಏರಿಳಿಯುತ್ತದೆ. ದಡದಲ್ಲಿ ದೋಣಿ ಬಿಟ್ಟು ಬುತ್ತಿ ಉಂಡು ಬರುವುದರೊಳಗೆ ದೋಣಿ ತಾನೇ ಪ್ರಯಾಣ ಬೆಳೆಸಿರಬಹುದು. ಆದ್ದರಿಂದ ಅದನ್ನು ಮೇಲಕ್ಕೆಳೆದು ಕಟ್ಟಲು ಹಗ್ಗ ಬೇಕೆಂದು ಪಟ್ಟಿಗೆ ಸೇರಿತು.

ಮೂರನೆಯ ದಿನ ಗಾಳಿಯ ಸರದಿ. ಕಣಿವೆಯಲ್ಲಿ ಗಾಳಿ ಕೊಳವೆಯಲ್ಲಿ ನುಗ್ಗಿದಂತೆ ಬೀಸುತ್ತದೆ. ನೀರು ನಿಶ್ಚಲವಾಗಿದ್ದರೂ ಎದುರುಗಾಳಿ ಬಂದರೆ ಹುಟ್ಟು ಹಾಕುವವನು ಇದ್ದಲ್ಲೇ ಇರುತ್ತಾನೆ. ಆದ್ದರಿಂದ ತೋಳಲ್ಲಿ ಕಸುವಿರುವಾಗಲೇ ಹೊಳೆಗೆದುರಾಗಿ ಹೋಗಿ, ದಣಿದಾಗ ಹರಿವಿನ ಜೊತೆ ಹಿಂದಿರುಗಬೇಕು. ಗಾಳಿ ಜೋರೆಂದು ಮುನ್ಸೂಚನೆ ಇದ್ದರೆ ಹೊರಡಲೇಕೂಡದು. ಭಾನುವಾರ, ಸೋಮವಾರ ವಿಲ್ಲೋ ಬೀಚಿನಿಂದ ಮೇಲಕ್ಕೆ ಯಂತ್ರದ ದೋಣಿಗಳಿಗೆ ಅವಕಾಶವಿಲ್ಲವೆಂದು ಸೋಮವಾರವನ್ನೇ ಗೊತ್ತುಮಾಡಿದೆವು. ಕುಡಿಯಲು ಒಬ್ಬೊಬ್ಬರಿಗೆ ನಾಲ್ಕು ಲೀಟರು ನೀರು, ನೀರು ಹೋಗದ ಚೀಲದಲ್ಲಿ ಬದಲಿ ಬಟ್ಟೆ, ಟೋಪಿ, ಶೀಟಿ, ಅಕ್ಕನ ಒತ್ತಾಯದಂತೆ ಚಿತ್ರಾನ್ನ.

ಕೊನೆಯ ಪ್ರಶ್ನೆ ನಾಲ್ಕನೆಯ ದಿನ ಬಂತು: “ಎಷ್ಟು ಹೊತ್ತಿಗೆ ವಾಪಸು ಬರ್ತೀರಿ?”

ನನಗೆ ಆ ಪ್ರಶ್ನೆಯ ಮೂಲ ಗೊತ್ತಿತ್ತು. ಭಾವ ಅಂದು ಎಷ್ಟು ಹೊತ್ತಿಗೆ ಹೋದರು, ಯಾವ ಮಡುವಿಗೆ ಇಳಿದರು ಎಂದು ಯಾರಿಗೂ ತಿಳಿದಿರಲಿಲ್ಲ. ಸಂಜೆ ಎತ್ತುಗಳು ತಾವೇ ಮನೆಗೆ ಬಂದಾಗಲೇ ಊರು ಎದ್ದದ್ದು. ರಾತ್ರಿಯೆಲ್ಲ ಪಂಜು ಹಿಡಿದು ದಡದುದ್ದಕ್ಕೂ ಕೂಗಿದವರಲ್ಲಿ ನಾನೂ ಒಬ್ಬ. ಎಲ್ಲಿ ಹುಡುಕಬೇಕೆಂಬುದೇ ತಿಳಿಯದ ಆ ರಾತ್ರಿ ಅಕ್ಕನ ಪಾಲಿಗೆ ಇನ್ನೂ ಪೂರ್ತಿ ಬೆಳಗಾಗಿಲ್ಲ.

ಹುಡುಗ ಒಂದು ಹಾಳೆ ತೆಗೆದುಕೊಂಡು ಬರೆಯಲು ಕುಳಿತ. ಆ ದೇಶದಲ್ಲಿ ದೋಣಿಯವರು ಹೊರಡುವ ಮುನ್ನ ಹೀಗೆ ಬರೆದು ದಡದಲ್ಲಿರುವ ಒಬ್ಬರ ಕೈಗೆ ಕೊಡುವ ಪದ್ಧತಿಯುಂಟಂತೆ. ದೋಣಿ ಎರಡು, ಬಣ್ಣ ಇಂಥದು. ಇಳಿಯುವ ಜಾಗ, ತಲುಪುವ ಜಾಗ. ಕಾರಿನ ಸಂಖ್ಯೆ. ಗಂಟೆಯ ವಿಷಯದಲ್ಲಿ ಒಂದು ತೊಡಕಿತ್ತು. ಚಳಿಗಾಲದಲ್ಲಿ ಅರಿಜೋನದ ಗಡಿಯಾರ ನೆವಾಡದ್ದಕ್ಕಿಂತ ಒಂದು ಗಂಟೆ ಮುಂದು. ಒಂದೇ ಹೊಳೆಯ ಎರಡು ದಡಕ್ಕೆ ಎರಡು ಹೊತ್ತು. ಎಲ್ಲವನ್ನೂ ಅರಿಜೋನದ ಹೊತ್ತಿನಲ್ಲೇ ಬರೆದು, ಪಕ್ಕದಲ್ಲಿ ಮೈಸೂರಿನ ಹೊತ್ತನ್ನು ಹಾಕಿದ. ಹತ್ತಕ್ಕೆ ಇಳಿಯುವುದು: ಮೈಸೂರಿನಲ್ಲಿ ರಾತ್ರಿ ಹತ್ತೂವರೆ. ಹನ್ನೆರಡಕ್ಕೆ ಗುಹೆ. ಮೂರಕ್ಕೆ ದಡ: ಬೆಳಗಿನ ಜಾವ ಮೂರೂವರೆ. ಕಣಿವೆಯಲ್ಲಿ ಫೋನು ನೆಚ್ಚುವಂತಿಲ್ಲ; ಹೆದ್ದಾರಿಗೆ ಬಂದು ಕರೆ ಮಾಡುವುದು. ಐದಾದರೂ ಸುದ್ದಿಯಿಲ್ಲದಿದ್ದರೆ ಫೀನಿಕ್ಸಿನ ಗೆಳೆಯ 911ಕ್ಕೆ ತಿಳಿಸಬೇಕು. ಒಂದು ಪ್ರತಿ ಗೆಳೆಯನಿಗೆ, ಒಂದು ಅಕ್ಕನಿಗೆ. ಅವಳು ಅದನ್ನು ದೇವರ ಮನೆಯ ಬಾಗಿಲಿಗೆ ಅಂಟಿಸಿದಳೆಂದು ಆಮೇಲೆ ತಿಳಿಯಿತು.

ಹಿಂದಿನ ರಾತ್ರಿ ಕಿಂಗ್‌ಮನ್ ಊರಿನಲ್ಲಿ ತಂಗಿ, ಬೆಳಿಗ್ಗೆ ವಿಲ್ಲೋ ಬೀಚಿಗೆ ಹೋದೆವು. ಗಾಳಿಯಿರಲಿಲ್ಲ. ಬಂಡೆಯ ಮೇಲೆ ನಿಂತ ದೊಡ್ಡ ಕೊಂಬಿನ ಕಾಡುಕುರಿಯೊಂದು ನಮ್ಮ ಹುಟ್ಟಿನ ಕಸರತ್ತನ್ನು ನೋಡಿ ತಲೆ ತಿರುಗಿಸಿತು. ಮುಂದೆ ಕಡಿದಾದ ಗೋಡೆಗೆ ಅಂಟಿಕೊಂಡ ಒಂದು ಹಳೆಯ ಗೂಡು. 1930ರ ದಶಕದಲ್ಲಿ ನದಿಯ ಮಟ್ಟವನ್ನೂ ಮಣ್ಣನ್ನೂ ಅಳೆಯುತ್ತಿದ್ದವನ ಠಾಣೆ ಅದು. ಬಂಡೆಯ ಅಂಚಿನ ಹಲಗೆದಾರಿಯಲ್ಲಿ ನಡೆದು, ತಂತಿಗೆ ನೇತುಬಿದ್ದ ತೊಟ್ಟಿಲಿನಲ್ಲಿ ಹೊಳೆ ದಾಟಿ ಅಳತೆಗೆ ಹೋಗುತ್ತಿದ್ದನಂತೆ. ನದಿಯನ್ನು ಅಷ್ಟು ಎಚ್ಚರದಿಂದ ನೋಡಿದ ಆ ಮನುಷ್ಯನನ್ನು ನೆನೆದಾಗ ನನಗೆ ಅಕ್ಕನ ಪ್ರಶ್ನೆಗಳು ನೆನಪಾದವು. ಗುಹೆಯಲ್ಲಿ ನೀರು ಪಚ್ಚೆಯೇ ಆಗಿತ್ತು. ಹುಡುಗ ಅದನ್ನು ಬೊಗಸೆಯಲ್ಲಿ ಎತ್ತಿ, ಏನೂ ಹೇಳದೆ, ನಿಧಾನವಾಗಿ ಬಿಟ್ಟ.

ಮೂರಕ್ಕೆ ಹತ್ತು ನಿಮಿಷವಿರುವಾಗ ದಡ ಸೇರಿದೆವು. ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಕರೆ ಮಾಡಿದಾಗ, ಮೈಸೂರಿನಲ್ಲಿ ಕೋಳಿ ಕೂಗದ ಆ ಹೊತ್ತಿನಲ್ಲಿ, ಮೊದಲ ಗಂಟೆಗೇ ಅಕ್ಕ ಎತ್ತಿಕೊಂಡಳು. ಬಟ್ಟೆ ಒದ್ದೆಯಾಯಿತೇ, ಚಿತ್ರಾನ್ನ ಸಾಲಿತೇ ಎಂದು ಕೇಳಿದಳು. ಆಮೇಲೆ ದನಿ ಸ್ವಲ್ಪ ತಗ್ಗಿಸಿ, “ಮುಂದಿನ ಸಲ ಇನ್ನೊಂದು ಗಂಟೆ ಮುಂಚೆ ಹೊರಡ್ರಪ್ಪ, ಬೇಗ ಬರಬಹುದು” ಎಂದು ಫೋನು ಇಟ್ಟಳು.